ವಯಸ್ಸಿನ ಕಾಲಂ

ನಗರಸಭೆಯ ಎರಡನೇ ಕಿಟಕಿಯಲ್ಲಿ
ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡ ಗುಮಾಸ್ತ
ಅರ್ಜಿಯ ಮೇಲೆ ಬೆರಳಿಟ್ಟು ಕೇಳಿದ:
ಹೆಸರು ಬರದೀರಿ, ಗಂಡನ ಹೆಸರು ಬರದೀರಿ,
ವಯಸ್ಸು?

ಹಿಂದೆ ತಿರುಗಿದೆ.
ಎಂಬತ್ತೆಂಟು ಅಂದ ಹಂಪಯ್ಯ ಮಾವ.
ಹುಚ್ಚೇನಲೇ, ನನಗೇ ಅರವತ್ತೆಂಟು,
ನನ್ನ ಮುಂದ ಎರಡಿದ್ದವು, ಉಳೀಲಿಲ್ಲ,
ಅವನ್ನೂ ಹಿಡಿ ಲೆಕ್ಕಕ್ಕ, ಅಂದಳು ಲಚಮವ್ವ ದೊಡ್ಡವ್ವ.
ರೇಷನ್ ಕಾರ್ಡಿನಲ್ಲಿ ಎಂಬತ್ತೊಂದು.
ಪಿಂಚಣಿ ಪುಸ್ತಕದಲ್ಲಿ ತೊಂಬತ್ತಾರು;
ಅದನ್ನು ಬರೆದವನು ಒಳ್ಳೆಯವನಿರಬೇಕು.

ಸೂಗಮ್ಮನಿಗೆ ಇಸವಿ ಗೊತ್ತಿರಲಿಲ್ಲ.
ರಜಾಕಾರರ ಗದ್ದಲದಾಗ, ಅನ್ನುತ್ತಿದ್ದಳು,
ನಾ ಮೈನೆರೆದು ಎರಡು ಸುಗ್ಗಿ ಆಗಿತ್ತು,
ಬರಿದಾದ ಹಗೇವಿನಾಗ ಇಳಿಸಿದ್ರು ಹೆಣ್ಣು ಹುಡುಗ್ರನ್ನ,
ಮ್ಯಾಲ ಕುದುರಿ ಹಾದವು, ತಲಿಮ್ಯಾಲ ಮಣ್ಣು ಉದುರಿತು,
ಮಗ್ಗಲದಾಕಿಗೆ ಸೀನು ಬಂತು ನೋಡು,
ಸೀನಿದ್ದರ ಇವತ್ತು ನೀ ಇಲ್ಲ.
ಹೇಳಿ ನಗುತ್ತಿದ್ದಳು.
ಹೆಸರು ಗೊತ್ತಿಲ್ಲದ ಹುಡುಗಿಯೊಬ್ಬಳು
ಮೂಗು ಒತ್ತಿ ಹಿಡಿದಿದ್ದಕ್ಕೆ
ನಾನು ಈ ಕಿಟಕಿಯ ಮುಂದೆ ನಿಂತಿದ್ದೇನೆ.

ನಯಾ ಪೈಸೆ ಬಂದ ವರ್ಷ ರಾಯಚೂರಿನ ಗಂಜಿಗೆ ಬಂದಳು,
ಚೀಲ ಹೊರುವ ಗಂಡನಿಗೆ ಬುತ್ತಿ ಹೊತ್ತು.
ಆತನ ಬೆನ್ನು ಬೇಗ ಮುಗಿಯಿತು.
ಆ ಜಾಗಕ್ಕೆ ಇನ್ನೊಂದು ಬೆನ್ನು ಬಂತು.
ಆಕೆ ದಲಾಲಿ ಅಂಗಡಿಯ ಕಟ್ಟೆಯ ಕೆಳಗೆ
ಸಾಣಿಗೆ ಹಿಡಿದು ಕುಂತಳು,
ಎದ್ದಾಗ ಅಂಗಡಿಯ ಮಾಲಕನ ಮೊಮ್ಮಗ
ಗಲ್ಲೆಯ ಮೇಲೆ ಕುಂತಿದ್ದ.

ಸಂಜೆ ಕಸಬರಿಗೆಗೆ ಸಿಕ್ಕ ಕಾಳು ಆಕೆಯದು.
ಹಾಗಾಗಿ ನಮ್ಮ ಮನೆಯ ತೊಗರಿಯಲ್ಲಿ ಜೋಳವಿರುತ್ತಿತ್ತು,
ಜೋಳದಲ್ಲಿ ಸಜ್ಜೆ, ಎಲ್ಲದರಲ್ಲೂ ಗೋಣಿಯ ಎಳೆ.
ಅದನ್ನುಂಡು ನನ್ನವ್ವ ಏಳನೇ ತರಗತಿ ಪಾಸಾದಳು,
ಹಂಪಯ್ಯ ಮಾವ ಶಕ್ತಿನಗರದ ಚಿಮಣಿಯ ಕೆಳಗೆ ನೌಕರಿ ಹಿಡಿದ.

ಪೂರಾ ಒಳ್ಳೆಯವಳೇನೂ ಅಲ್ಲ.
ಸೊಸೆಯ ರೊಟ್ಟಿಯನ್ನು ಬಿಸಿಲಿಗೆ ಹಿಡಿದು ತೂತು ಹುಡುಕುತ್ತಿದ್ದಳು.
ನನ್ನ ನೋಡಲು ಬಂದ ಹುಡುಗನನ್ನೂ ಹಾಗೇ ಹಿಡಿದು ನೋಡಿ
ಎಲೆಯಡಿಕೆ ದವಡೆಗೆ ಸರಿಸಿ ಅಂದಳು:
ದೊಡ್ಡ ಹರಳು ಕಣ್ಣಿಗೆ ಕಾಣತದ,
ಸಣ್ಣದು ಹಲ್ಲಿಗೇ ಗೊತ್ತಾಗೋದು.
ಮಾಡ್ಕೊ.

ದವಾಖಾನೆಯ ಹಾಸಿಗೆಯ ಮೇಲೆ ಕೊನೆಯ ವಾರ
ಚಾದರದ ಮೇಲಿನ ಅಚ್ಚಿನ ಹೂಗಳನ್ನು
ಒಂದೊಂದೇ ಆರಿಸಿ ಎಡಕ್ಕೆ ಹಾಕುತ್ತಿದ್ದಳು.
ಸುಮ್ಮನ ಮಲಕೋ ಅಜ್ಜಿ, ಅಂದಳು ನರ್ಸಮ್ಮ.
ಇನ್ನ ಅರ್ಧ ಚೀಲ ಅದ, ಅಂದಳು ಆಯಿ.

ಅಂದಾಜು ಹೇಳ್ರಿ, ಅಂದ ಗುಮಾಸ್ತ,
ಹಿಂದ ಮಂದಿ ನಿಂತಾರ.

ಆರಿಸಿದ ಹರಳನ್ನು ಆಯಿ ಅಲ್ಲೇ ಚೆಲ್ಲಿ ಬರುತ್ತಿರಲಿಲ್ಲ.
ಸೆರಗಿನ ತುದಿಗೆ ಗಂಟು ಕಟ್ಟಿ ತರುತ್ತಿದ್ದಳು
ದಿನಕ್ಕೊಂದು ಹಿಡಿ,
ಮನೆ ಮುಂದಿನ ಎರೆಮಣ್ಣಿಗೆ ಚೆಲ್ಲಿ
ಬರಿಗಾಲಲ್ಲಿ ತುಳಿಯುತ್ತಿದ್ದಳು.
ನಮ್ಮ ಓಣಿಯಲ್ಲಿ ಮಳೆ ಬಂದರೆ
ಚಪ್ಪಲಿ ಮಣ್ಣಿನಲ್ಲೇ ಉಳಿದು ಕಾಲಷ್ಟೇ ಮನೆಗೆ ಬರುತ್ತದೆ,
ನಮ್ಮ ಅಂಗಳ ಬಿಟ್ಟು.
ಆಕೆಯನ್ನು ಎತ್ತಿದ ದಿನ ಬೆಳತನಕ ಸುರಿದಿತ್ತು.
ಹೊತ್ತ ನಾಲ್ವರೂ
ಅಂಗಳ ದಾಟುವವರೆಗೆ ಜಾರಲಿಲ್ಲ.

ವಯಸ್ಸು ಬೇಕಂದರ ಅಲ್ಲಿ ಅಗೀಬೇಕ್ರಿ ಸಾಹೇಬ್ರ,
ಕುಂತು ಒಂದೊಂದೇ ಎಣಿಸಬೇಕು,
ಅನ್ನಬೇಕೆಂದಿದ್ದೆ.
ತೊಂಬತ್ತು ಅಂದೆ.
ಬರೆದುಕೊಂಡ. ಸೊನ್ನೆ ಸ್ವಲ್ಪ ಸೊಟ್ಟ ಬಂತು.

ಮೆಟ್ಟಿಲಿಳಿಯುವಾಗ
ದೊಡ್ಡವ್ವ ನನ್ನ ಮೊಣಕೈ ಹಿಡಿದು ಗೊಣಗಿದಳು:
ಅವೆರಡನ್ನ
ಹಿಡೀಲೇ ಇಲ್ಲ ನೀನು.