ಪುಟ ಮೂವತ್ತೊಂದು

ಪದಕ್ಕೆ ತೊಂಬತ್ತು ಪೈಸೆ. ಎಣಿಸುವುದು ಕನ್ನಡದ ಪದ.
ಹಾಗಾಗಿ ಕೂಡಿಸಿ ಬರೆದಷ್ಟೂ ನಷ್ಟ ನನ್ನದೇ.
'ಮಾಡಬೇಕಾಗಿರುತ್ತದೆ', ಒಂದೇ ಉಸಿರಿಗೆ ತೊಂಬತ್ತು;
ಬಿಡಿಸಿಟ್ಟರೆ ಎರಡು ರೂಪಾಯಿ ಎಪ್ಪತ್ತು.
ಬಿಡಿಸುವುದಿಲ್ಲ. ವ್ಯಾಕರಣದ ಮೇಷ್ಟರ ಮಗಳು ನಾನು.

ಡೊಂಬಿವಲಿ ಪೂರ್ವ, ಮೂರನೆಯ ಮಹಡಿ, ರಾತ್ರಿ ಹನ್ನೊಂದು.
ದೇಶದ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ನೀತಿಯ ಕರಡು
ನೂರಾ ಹನ್ನೆರಡು ಪುಟ, ಅಡುಗೆಮನೆಯ ಮೇಜಿನ ಮೇಲೆ,
ಒಂದು ಮೂಲೆಗೆ ದೋಸೆಹಿಟ್ಟಿನ ಪಾತ್ರೆಯ ಭಾರ.
ಫ್ಯಾನು ಇತ್ತ ತಿರುಗಿದಾಗೆಲ್ಲ
ಅಧ್ಯಾಯ ನಾಲ್ಕು ಎದ್ದು ಹೋಗಲು ನೋಡುತ್ತದೆ.

ಮೊದಲ ಮೂವತ್ತು ಪುಟ ಸಲೀಸು.
ಅಲ್ಲಿ ಯಾರೂ ಇಲ್ಲ.
ಸ್ಥಾಪಿಸಲಾಗುವುದು, ಬಲಪಡಿಸಲಾಗುವುದು, ಖಾತ್ರಿಪಡಿಸಲಾಗುವುದು.
ಯಾರಿಂದ ಅಂತ ಕೇಳುವ ಹಾಗಿಲ್ಲ,
ಕೇಳಿದರೆ ವಾಕ್ಯ ಕುಸಿದು ಕೂರುತ್ತದೆ.
ನಡುವೆ ಫಲಾನುಭವಿ ಬರುತ್ತಾನೆ. ಎಷ್ಟು ಚೆಂದದ ಪದ,
ಯಾರೋ ಸೀಬೆಹಣ್ಣು ಕಚ್ಚಿದ ಹಾಗೆ!
ಎಂಬತ್ತಾರು ಸಲ ಬಂದ.
ಒಂದು ಸಲವೂ ಬೀಜ ಹಲ್ಲಿಗೆ ಸಿಕ್ಕಲಿಲ್ಲ.

ಮೂವತ್ತೊಂದರಲ್ಲಿ ನಿಂತೆ.
ಆಕ್ಸೆಸ್.
'ಪ್ರವೇಶ' ಎನ್ನೋಣವೆಂದರೆ
ಪಕ್ಕಕ್ಕೆ 'ಇಲ್ಲ' ತಾನಾಗಿ ಬಂದು ಕೂರುತ್ತದೆ, ಕೆಂಪು ಬಣ್ಣದಲ್ಲಿ.
'ಲಭ್ಯತೆ' ಎಂದರೆ ಔಷಧದ ಅಂಗಡಿ.
'ಅಭಿಗಮ್ಯತೆ' ನಿಘಂಟಿನಲ್ಲಿದೆ,
ಇಸ್ತ್ರಿ ಮಾಡಿಟ್ಟು ಯಾರೂ ಉಡದ ಪಂಚೆ.

ಬೇಸತ್ತು ಕೆಳಗಿಳಿದೆ. ಗೇಟಿನಲ್ಲಿ ಸಾಯಬಣ್ಣ ಇಲ್ಲ,
ಕುರ್ಚಿ ಇದೆ, ಕುರ್ಚಿಯ ಮೇಲೆ ಟೊಪ್ಪಿಗೆ ಇದೆ.
"ಇಲ್ಲಿದೀನ್ರೀ, ಅಕ್ಕಾರ!"
ದನಿ ಆಕಾಶದಿಂದ.
ಹತ್ತಿಹೋದೆ. ನೀರಿನ ಟ್ಯಾಂಕಿನ ಏಣಿಯ ತುದಿಮೆಟ್ಟಿಲಲ್ಲಿ
ಒಂದು ಕೈಗೆ ಕಂಬಿ, ಒಂದು ಕೈಗೆ ಫೋನು,
ಯಾರನ್ನೋ ಹುಡುಕುವ ಕಂದೀಲಿನಂತೆ ಎತ್ತಿ ಹಿಡಿದು.

ಅಫಜಲಪುರದಲ್ಲಿ ಮಗಳು, ಹಾಸ್ಟೆಲ್ಲಿನ ಅರ್ಜಿ,
ಹೆಸರು ಅವಳದು, ನಂಬರು ಇವನದು.
ಆರು ಅಂಕಿ ಇವನಿಗೆ ಬರಬೇಕು,
ಇವನು ಅವಳಿಗೆ ಕೂಗಬೇಕು,
ಎಲ್ಲ ಹತ್ತು ನಿಮಿಷದೊಳಗೆ.
"ಎಷ್ಟನೇ ಸಲ?"
"ನಾಕ್ರೀ. ಬರಂಗಿಲ್ಲ ಅಂತಲ್ಲ. ಹನ್ನೊಂದನೇ ನಿಮಿಷಕ್ಕ ಬರ್ತದ.
ಕೆಳಗ ಎಟಕಂಗಿಲ್ಲ. ಇಲ್ಲಿ ಚೂರು ಎಟಕ್ತದ."

ಎಟುಕು.
ಹಿಮ್ಮಡಿ ಎತ್ತಿ ನಿಂತ ಪದ.
ಬೆಲ್ಲದ ಡಬ್ಬಿಗೂ ಬೆರಳಿಗೂ ನಡುವೆ ಉಳಿದ
ಅರ್ಧ ಇಂಚನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಪದ.
ಓಡಿಬಂದು ಬರೆದೆ:
ಪ್ರತಿಯೊಬ್ಬ ನಾಗರಿಕರಿಗೂ ಎಟುಕುವಂತೆ.
ಎರಡು ರೂಪಾಯಿ ಎಪ್ಪತ್ತು.

ಮೊದಲರ್ಧ ದಿಲ್ಲಿಗೆ ಹೋಗಿ ಶುಕ್ರವಾರ ಮರಳಿತು.
ಎಟುಕಿನ ಮೇಲೆ ಗೀಟು. ಅಂಚಿನಲ್ಲಿ ಆ ಪಂಚೆ.
ಜೊತೆಗೊಂದು ಟಿಪ್ಪಣಿ: ಆಡುಮಾತು ಬೇಡ.
ಸರಿ ಎಂದೆ. ಬಿಲ್ಲು ಪಾಸಾಗಬೇಕಲ್ಲ.
ಜಗಳ ಆಡಬಹುದಿತ್ತು. ಆಡಲಿಲ್ಲ.

ಇವತ್ತು ಕೊನೆಯ ಪುಟ.
'ಸಾರ್ವಜನಿಕರು ತಮ್ಮ ಸಲಹೆ, ಆಕ್ಷೇಪಣೆಗಳನ್ನು
ಈ ತಿಂಗಳ ಹನ್ನೆರಡರೊಳಗಾಗಿ ಸಲ್ಲಿಸತಕ್ಕದ್ದು.'
ಗೋಡೆಯತ್ತ ನೋಡಿದೆ. ಹತ್ತೊಂಬತ್ತು.
ಈ ಸಾಲನ್ನು ಕನ್ನಡದಲ್ಲಿ ಮೊದಲು ಓದಿದವಳು ನಾನೇ,
ನನಗೇ ತಡವಾಗಿದೆ.
ತಪ್ಪಿಲ್ಲದಂತೆ ಬರೆದೆ, ಹನ್ನೆರಡನ್ನು ಹನ್ನೆರಡೆಂದೇ.

ಆಗ ಮೇಲೆ ಏಣಿ ಕಿರುಗುಟ್ಟಿತು.
"ಬಂತವಾ, ಬಂತು, ಬರ್ಕೋ! ಏಳು...
ಸೊನ್ನಿ... ಇನ್ನೊಂದ್ ಸೊನ್ನಿ... ಮೂರು... ಎಂಟು..."
ಕೀಲಿಗಳ ಮೇಲೆ ಬೆರಳು ಹಾಗೇ ನಿಂತವು.
ಐದಾಯಿತು.
ಆರನೆಯದರ ಹೊತ್ತಿಗೆ ಕರ್ಜತ್ ಕಡೆಯ ಕೊನೆಯ ಲೋಕಲ್ಲು
ಕಿಟಕಿಯ ಗಾಜನ್ನೆಲ್ಲ ಅಲುಗಿಸುತ್ತ ಹಾದುಹೋಯಿತು.