ಅಗುಳಿ

ಹದಿನೆಂಟರ ಆ ಏಪ್ರಿಲ್ಲಿನಲ್ಲಿ
ಕಣಜಕ್ಕೆ ಬೆಂಕಿ ಬಿತ್ತೋ, ಇಟ್ಟರೋ.
ಒಳಗಿದ್ದವರು ಹನ್ನೊಂದು ಮಂದಿ.
ಇಂದಿಗೂ ಚರ್ಚಿನಲ್ಲಿ
ಬಲಕ್ಕೆ ಬಿಳಿ ಪಟ್ಟಿ ಕಟ್ಟಿದವರ ಮೊಮ್ಮಕ್ಕಳು,
ಎಡಕ್ಕೆ ಕೆಂಪು ಕಟ್ಟಿದವರ ಮೊಮ್ಮಕ್ಕಳು.

ಹೆಲ್ಸಿಂಕಿಯಿಂದ ಬಂದ ಹುಡುಗಿ
ಮಣ್ಣು ಜರಡಿಯಾಡಿ
ಗೇಣುದ್ದದ ಅಗುಳಿಯೊಂದನ್ನು ಎತ್ತಿದಳು.
ಒಳಗಿನದೋ, ಹೊರಗಿನದೋ?
ತುಕ್ಕಿಗೆ ಬಾಯಿಲ್ಲ.
‘ಹೇಳಲಾಗದು’ ಎಂದು ಬರೆದಳು.

ಎರಡೂ ಕಡೆಯವರು ಅವಳ ಮೇಲೆ ಮುನಿದರು.
ನೂರು ವರ್ಷಕ್ಕೆ ಮೊದಲ ಸಲ
ಊರು ಒಂದಾಯಿತು.

ಲೆಂಪಿ ಅಜ್ಜಿ ಮಾತ್ರ ಒಳಗೆ ಕರೆದು
ಕಾಫಿ ಬಗ್ಗಿಸಿದಳು.
“ಆ ಬಾಗಿಲು ಮಾಡಿದವನು ನಮ್ಮಪ್ಪ.
ಎರಡು ಅಗುಳಿ ಹೊಡೆದಿದ್ದ, ಒಳಕ್ಕೊಂದು ಹೊರಕ್ಕೊಂದು.
ಇನ್ನೊಂದನ್ನು ಅಗೆಯಬೇಡ, ಮಗಳೇ,
ನಮ್ಮ ಅಟ್ಟದ ಮೇಲಿದೆ.

ಸಕ್ಕರೆ ಹಾಕಿಕೋ.

ಬೆಂಕಿ ಸೋಕಿಲ್ಲ ಅದಕ್ಕೆ.”