ಸೋರೆ ಹೂವಿನ ನೋಂದಣಿ

ಮೂರನೇ ಮಹಡಿಯ ಮೇಲೆ, ಸಿಂಟೆಕ್ಸಿನ ನೆರಳಲ್ಲಿ
ಏಳು ಪೇಂಟಿನ ಡಬ್ಬಿ, ಎರಡು ಒಡೆದ ಬಿಂದಿಗೆ,
ಒಂದು ಮಗುವಿನ ಸ್ನಾನದ ಟಬ್ಬು.
ಕೆಳಮನೆಯ ತಬಸ್ಸುಮ್ ಕೊಟ್ಟದ್ದು: "ಆರಿಫ್ ಬೆಳೆದುಬಿಟ್ಟ ಅಕ್ಕಾ,
ಇದರಲ್ಲಿ ಇನ್ನೇನಾದ್ರೂ ಬೆಳೆಸಿ."
ಹನ್ನೊಂದನೆಯದು ನನ್ನದೇ ಬಕೆಟ್ಟು, ತಳ ತೂತು.

ಮಣ್ಣು ಪಕ್ಕದ ಸೈಟಿನದು. ಪಾಯ ತೋಡಿದ ರಾತ್ರಿ
ಮತ್ತೀಕೆರೆಯ ಅಡಿಯಲ್ಲಿ ಇಷ್ಟು ಕೆಂಪಿತ್ತೇ ಎಂದು
ಬೀದಿದೀಪದ ಬೆಳಕಲ್ಲಿ ನೋಡುತ್ತ ನಿಂತಿದ್ದೆ.
"ಏನ್ ಕಳಕೊಂಡೀರಿ ಅಕ್ಕಾರ?" ಅಂದ ಕಾವಲಿನ ಹುಸೇನಪ್ಪ.
ಆರು ಚೀಲ ತುಂಬಿಕೊಟ್ಟ. ಒಂದೊಂದೇ ಹೊತ್ತು ತಂದೆ,
ಐವತ್ತೆರಡು ಮೆಟ್ಟಿಲು. ನನಗೂ ಐವತ್ತೆರಡು.

ಬಿತ್ತಿದ್ದು ಶಿವರಾತ್ರಿ ಕಳೆದ ಮೇಲೆ.
ಚಳಿ ಶಿವಶಿವಾ ಎಂದು ಹತ್ತಿದ ಬಸ್ಸಿನಿಂದಲೇ
ಬಿಸಿಲು ಇಳಿದಿತ್ತು, ಗಂಟುಮೂಟೆ ಸಮೇತ.
ಹರಿವೆ ಕರೆಯದ ನೆಂಟನ ಹಾಗೆ ಮೊದಲು ಬಂತು.
ಬೆಂಡೆ ಯೋಚಿಸಿ ಯೋಚಿಸಿ ಎದ್ದಿತು.
ಮೆಣಸಿನ ಸಸಿ ಮಾತ್ರ ಎಲೆ ಮುದುಡಿಕೊಂಡು ಕೂತಿತು,
ಬೂದಿ ಉದುರಿಸಿದೆ, ಹುಳಿಮಜ್ಜಿಗೆ ಚಿಮುಕಿಸಿದೆ,
ಬೈದೂ ನೋಡಿದೆ.

ಕಾವೇರಿ ದಿನ ಬಿಟ್ಟು ದಿನ, ಬೆಳಗಿನ ನಾಲ್ಕಕ್ಕೆ, ಅದೂ ಕೆಮ್ಮುತ್ತ.
ಓನರ್ ವೀರಭದ್ರಪ್ಪನವರು ಟ್ಯಾಂಕಿನ ಗೋಡೆಗೆ
ಸೀಮೆಸುಣ್ಣದಲ್ಲಿ ಬರೆದಿದ್ದರು:
ಗಿಡಗಳಿಗೆ ಈ ನೀರು ಹಾಕತಕ್ಕದ್ದಲ್ಲ.
ಹಾಕಲಿಲ್ಲ. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು,
ಸೊಪ್ಪು ತೊಳೆದದ್ದು ಸೊಪ್ಪಿಗೇ.
ಮುಖಕ್ಕೂ ಸೋಪು ಬಿಟ್ಟು ಕಡಲೆಹಿಟ್ಟು ಹಿಡಿದೆ.
ಗಿಡಕ್ಕಾಗಿ ಎಂದರೆ ಕಚೇರಿಯಲ್ಲಿ ಯಾರೂ ನಂಬಲಿಲ್ಲ.

ಹಗಲು ನಾನು ನೋಂದಣಿ ಕಚೇರಿಯಲ್ಲಿ
ಮದುವೆ ಬರೆಯುತ್ತೇನೆ.
ವಧು ಇಲ್ಲಿ, ವರ ಇಲ್ಲಿ, ಸಾಕ್ಷಿ ಮೂವರು,
ಫೋಟೋಗೆ ನಗಬಹುದು, ನಗದಿದ್ದರೂ ನಡೆಯುತ್ತದೆ.
ಇಪ್ಪತ್ತಾರು ವರ್ಷ. ಎಷ್ಟು ಸಾವಿರವೋ.
"ಮೇಡಂ, ನಿಮ್ಮದು?" ಎಂದು ಕೇಳಿದವರಿಗೆಲ್ಲ
"ಮುಂದಿನ ಕೌಂಟರ್" ಅಂದಿದ್ದೇನೆ.

ಯುಗಾದಿ ಕಳೆದು ಹತ್ತು ದಿನಕ್ಕೆ ಸೋರೆ ಹೂ ಬಿಟ್ಟಿತು.
ಉಳಿದ ಹೂವೆಲ್ಲ ಮುಚ್ಚುವ ಹೊತ್ತಿಗೆ, ಬಿಳಿ,
ಹಿಂಡಿ ಬಿಡಿಸಿದ ಕರವಸ್ತ್ರದಂತೆ ಸುಕ್ಕು ಸುಕ್ಕು.
ಎಲ್ಲ ಗಂಡು. ವಾರವಿಡೀ ಬರೀ ಗಂಡು,
ಸಂಜೆ ಮೆರೆದು ಬೆಳಗಾದರೆ ಜೋತುಬೀಳುವವು.
ಎಂಟನೇ ಸಂಜೆ ಒಂದು ಹೆಣ್ಣು:
ಹೂವಿನ ಹಿಂದೆ ಆಗಲೇ ಕಿರುಬೆರಳಷ್ಟು ಕಾಯಿ,
ಮೈತುಂಬ ನವಿರು.

ಪತಂಗಕ್ಕೆ ಕಾದೆ. ಏಳಾಯಿತು. ಏಳೂವರೆ.
ಯಶವಂತಪುರದ ಕಡೆಯಿಂದ ರೈಲಿನ ಕೂಗು ಬಂತು,
ತಲೆಯ ಮೇಲೆ ವಿಮಾನದ ಕೆಂಪು ಕಣ್ಣು ಬಂತು,
ರೆಕ್ಕೆಯ ಹುಳ ಒಂದೂ ಇಷ್ಟೆತ್ತರ ಬರಲಿಲ್ಲ.
ಬೀದಿದೀಪಗಳು ಎಲ್ಲವನ್ನೂ ಕೆಳಗೇ ತಡೆದಿಟ್ಟುಕೊಂಡಿದ್ದವು.

ಕೊನೆಗೆ ನಾನೇ
ಒಂದು ಗಂಡು ಹೂ ಕಿತ್ತು, ದಳ ಬಿಡಿಸಿ,
ಅದರ ಹಳದಿ ಧೂಳಿನ ತುದಿಯನ್ನು
ಹೆಣ್ಣಿನ ನಡುವಿಗೆ ಮೂರು ಸಲ ಮುಟ್ಟಿಸಿದೆ.
ನಡುಗಿತು, ಇಷ್ಟು ವರ್ಷ ಬರೀ ಮೊಹರು ಒತ್ತಿದ ಕೈ.
ಮೆಟ್ಟಿಲ ಮೇಲೆ ಆರಿಫ್, ಐಸ್‌ಕ್ಯಾಂಡಿ ಚೀಪುತ್ತ:
"ಏನ್ ಮಾಡ್ತಿದೀರ ಆಂಟಿ?"
"ಆಫೀಸ್ ಕೆಲಸ."

ಹೂ ಬಾಡಿತು. ಕಾಯಿ ಹಳದಿಗೆ ತಿರುಗುತ್ತದೋ, ಉಬ್ಬುತ್ತದೋ
ಮೂರು ದಿನ ಕಾಯಬೇಕು.
ಮೂರನೇ ರಾತ್ರಿ ಗುಡುಗಿತು. ವರ್ಷದ ಮೊದಲ ಮಳೆ,
ಕಾದ ಸಿಮೆಂಟಿನಿಂದ ಆವಿ ಏಳುವಂಥದ್ದು.
ಓಡಿಹೋದರೆ ಅಲ್ಲಿ ವೀರಭದ್ರಪ್ಪನವರು,
ಪಂಚೆ ಎತ್ತಿ ಕಟ್ಟಿ, ಟಾರ್ಚು ಹಿಡಿದು,
ನೀರು ಹೋಗುವ ತೂತಿನಿಂದ ನನ್ನ ಎಲೆಗಳನ್ನು ತೆಗೆಯುತ್ತ.
ಬೈಗುಳಕ್ಕೆ ತಲೆಬಾಗಿಸಿ ನಿಂತೆ.
ಟಾರ್ಚಿನ ಬೆಳಕು ಬಳ್ಳಿಯ ಮೇಲೆ ಹರಿದು ಒಂದೆಡೆ ನಿಂತಿತು.
"ಇದ್ಯಾವಾಗ ಕೊಯ್ಯೋದು?"
"ಮೂವತ್ತು ದಿನ ನೋಟೀಸು ಸಾರ್," ಅಂದೆ,
"ಆಕ್ಷೇಪಣೆ ಇದ್ದರೆ ಲಿಖಿತವಾಗಿ ಕೊಡಿ."

ಅವರು ಗೋಡೆಯತ್ತ ನೋಡಿದರು.
ಸೀಮೆಸುಣ್ಣದ ಸಾಲಿನ ಕಟ್ಟಕಡೆಯ 'ಲ್ಲ'
ಕರಗಿ, ಬಿಳಿ ಗೆರೆಯಾಗಿ,
ಟಬ್ಬಿನೊಳಕ್ಕೆ ಇಳಿಯುತ್ತಿತ್ತು.